ಸೊಸೆ ಕಿಮ್ಚಿಯನ್ನು ಓದಿದಳು

ಬೆಳಿಗ್ಗೆಯೇ ವಾಕ್ಯ ಕೇಳಿಸಿ ಉತ್ತರ ಅಳೆಯುವ ಯಂತ್ರ ಹೊತ್ತುಕೊಂಡು ನಾಮ್ವನ್ ಊರಿನ ಹಿರಿಯರು ಸೇರುವ ಕೋಣೆಗೆ ಬಂದ ಬೊಂಗ್‌ಸುವಿಗೆ ಬೇಕಾಗಿದ್ದದ್ದು ಎರಡೇ ಎರಡು ಮುದಿ ಕಿವಿಗಳು. ಕೊರಿಯನ್ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕೇಳುವವರು ಅಲ್ಲಿಯವರೆಗೆ ಕಾಯುತ್ತಾರೋ, ಮೊದಲೇ ಊಹಿಸುತ್ತಾರೋ? ಅದೇ ಅವನ ಸಂಶೋಧನೆ. ತರುಣರ ಸರದಿ ಮುಗಿದಿತ್ತು. ಸಂಜೆಗೆ ಯಂತ್ರ ವಾಪಸು ಕೊಡಬೇಕು. ಒಬ್ಬ ಹಿರಿಯರೂ ಸಿಗದಿದ್ದರೆ ಈ ವರ್ಷ ಪದವಿಯಿಲ್ಲ.

"ಸರಿಯಾದ ವಾಕ್ಯಕ್ಕೆ ಹಸಿರು ಗುಂಡಿ, ಅಸಂಬದ್ಧಕ್ಕೆ ಕೆಂಪು. ಪೂರ್ತಿ ಕೇಳಿ ಒತ್ತಬೇಕು, ಅಜ್ಜಿ."

"ಊಟ ಮಾಡಿದ್ಯಾ, ಮೊದಲು ಅದು ಹೇಳು," ಎಂದು ಮಲ್‌ಸುನ್ ಅಜ್ಜಿ ಅವನ ಬಾಯಿಗೊಂದು ಬೆಂದ ಗೆಣಸು ತುರುಕಿ, ಹೆಡ್‌ಫೋನ್ ಏರಿಸಿಕೊಂಡರು.

"ಸೊಸೆ ಕಿಮ್ಚಿಯನ್ನು..." ಎಂದಿತು ಯಂತ್ರ. ಅಜ್ಜಿ ಹಸಿರು ಒತ್ತಿಬಿಟ್ಟರು.

"ಇನ್ನೂ ಮುಗಿದಿಲ್ಲ ಅಜ್ಜಿ!"

"ಮುಗಿಯೋಕೇನಿದೆ? ಹಾಕಿದಳು. ಎಲೆಕೋಸಿನ ಉಪ್ಪಿನಕಾಯಿನ ಇನ್ನೇನು ಮಾಡ್ತಾಳೆ?"

"...ಓದಿದಳು," ಎಂದಿತು ಯಂತ್ರ.

ಅಜ್ಜಿ ಹೆಡ್‌ಫೋನ್ ಕಿತ್ತೆಸೆದು ಸುತ್ತ ಕೂತಿದ್ದ ಅಜ್ಜಿಯರತ್ತ ತಿರುಗಿದರು. "ಕೇಳಿದ್ರೇನ್ರೇ? ಯಾವಳೋ ಸೊಸೆ ಕಿಮ್ಚಿ ಓದ್ತಾಳಂತೆ!"

"ಯಾರ ಮನೆಯವಳು?"

"ಸಿಯೋಲಿನವಳೇ ಇರ್ಬೇಕು ಬಿಡು."

"ಅತ್ತೆ ಏನಂದಳು? ಅದನ್ನೂ ಹಾಕೋ ಮಗಾ!"

ಆಮೇಲೆ ಕೂತವರೆಲ್ಲ ಗುಂಡಿ ಬಿಟ್ಟು ಅತ್ತೆ ಸೊಸೆಯರ ನ್ಯಾಯ ತೀರ್ಮಾನಕ್ಕೆ ನಿಂತರು. ಬೊಂಗ್‌ಸುವಿನ ಮುಖ ಉಪ್ಪು ಸವರಿದ ಎಲೆಕೋಸಿನಂತೆ ಬಾಡಿತು.

ಆಗ ಮೂಲೆಯಲ್ಲಿ ಚದುರಂಗ ಆಡುತ್ತಿದ್ದ ಪ್ಯೋ ಅಜ್ಜ ಎದ್ದು ಬಂದು ಎದುರಿಗೆ ಕುಳಿತು ಹೆಡ್‌ಫೋನ್ ಏರಿಸಿಕೊಂಡರು. ಬೊಂಗ್‌ಸು ತಾನೂ ಒಂದು ಹೆಡ್‌ಫೋನ್ ಹಾಕಿಕೊಂಡ. ಅಜ್ಜ ಪ್ರಾರ್ಥನೆಗೆ ಕೂತವರಂತೆ ಸ್ತಬ್ಧ. ಪ್ರತಿ ವಾಕ್ಯವೂ ಮುಗಿಯಬೇಕು, ಆಮೇಲೆ ಗುಂಡಿ. ಒಂದೂ ತಪ್ಪಲಿಲ್ಲ.

ಬೊಂಗ್‌ಸು ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದ. "ನಿಮ್ಮಷ್ಟು ಚೆನ್ನಾಗಿ ಕೇಳಿದವರೇ ಇಲ್ಲ ಅಜ್ಜಾ!"

ಅಜ್ಜ ಜೇಬಿನಿಂದ ಶ್ರವಣಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, "ಏನಂದೆ?" ಎಂದರು.

ಬೊಂಗ್‌ಸು ತಟ್ಟನೆ ತಲೆಯೆತ್ತಿದ. "ಹಾಗಾದ್ರೆ... ಹೇಗೆ ಒತ್ತಿದ್ರಿ?"

"ನಿನ್ನ ಹುಬ್ಬು ಸಡಿಲಾದ್ರೆ ಹಸಿರು, ಗಂಟಾದ್ರೆ ಕೆಂಪು. ಸಾಹೇಬರ ಮುಖ ನೋಡ್ಕೊಂಡೇ ನೌಕರಿ ಮುಗಿಸಿದವನಪ್ಪಾ ನಾನು. ಪಾಪ, ಹುಡುಗ ಒದ್ದಾಡ್ತಿದಾನೆ ಅಂತ ಬಂದೆ."

ಮಧ್ಯಾಹ್ನವೆಲ್ಲ ಯಂತ್ರ ಅಳೆದದ್ದು ಬೊಂಗ್‌ಸುವಿನ ಕಿವಿಯನ್ನೇ. ಅದನ್ನಂತೂ ಹೋದ ವರ್ಷವೇ ತರುಣರ ಸರದಿಯಲ್ಲಿ ಅಳೆದಾಗಿತ್ತು.

ಹೊರಗೆ ಬಸ್ಸು ಹಾರನ್ ಹಾಕಿತು. ಅಜ್ಜಿ ಅವನ ಚೀಲಕ್ಕೆ ಇನ್ನಷ್ಟು ಗೆಣಸು ತುಂಬಿದರು. ಬೊಂಗ್‌ಸು ಯಂತ್ರ ಹೆಗಲಿಗೇರಿಸಿ, ಬಾಗಿಲಲ್ಲಿ ತಿರುಗಿ ನಿಂತು, ಬೇಸತ್ತ ದನಿಯಲ್ಲಿ ಶುರುಮಾಡಿದ: "ಮುಂದಿನ ವರ್ಷ ಈ ಊರಿಗೆ ನಾನು..."

"ಬರ್ತೀನಿ!" ಎಂದು ಇಡೀ ಕೋಣೆ ಒಂದೇ ಕೊರಳಲ್ಲಿ ಮುಗಿಸಿತು.

ಅವನು ಹೇಳಹೊರಟದ್ದು ಬೇರೆಯೇ. ಆದರೆ ಅಷ್ಟೊಂದು ಮುಖಗಳು ಅರಳಿ ಕಾಯುತ್ತಿದ್ದವು. ಹೂಂ ಎಂದು ತಲೆಯಾಡಿಸಿ ಬಸ್ಸು ಹತ್ತಿದ.