ಮಾವನ ಅರವತ್ನಾಲ್ಕು ಅಕ್ಷರ

ನೀವು ಬೇಕಾದಷ್ಟು ಹುಚ್ಚರನ್ನು ನೋಡಿರಬಹುದು. ಆದರೆ ತಮ್ಮ ಹುಚ್ಚನ್ನು ಪ್ರಿಂಟ್ ಹಾಕಿ, ತೂತು ಹೊಡೆದು, ಲಾಡಿ ಕಟ್ಟಿ ಫೈಲು ಮಾಡಿಟ್ಟವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. ಭದ್ರಾವತಿಯ ತಮ್ಮ ಮನೆಯಲ್ಲೇ ಮೂರು ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದರು.

ಮೊದಲ ಆಘಾತ ನನ್ನ ಮದುವೆಯಲ್ಲಿ. ಮಾವ ಕೊಟ್ಟ ಉಡುಗೊರೆ ಬಿಚ್ಚಿದರೆ ಒಳಗೆ ಹನ್ನೆರಡು ಹಾಳೆ! ಹಾಳೆ ತುಂಬ ದೊಡ್ಡ ಕೆ, ಚಿಕ್ಕ ಎಂ, ಒಂಬತ್ತು, ಪ್ಲಸ್ಸು, ಮತ್ತೆ ದೊಡ್ಡ ಕೆ! ಹುಡುಕಿದರೂ ಒಂದು ಪದವಿಲ್ಲ. ಹೊಸ ಹೆಂಡತಿ ಬೆವೆತುಹೋದಳು.

"ರೀ, ಇದು ಮಾಟಗೀಟ ಅಲ್ಲ ತಾನೆ?"

"ನಿಮ್ಮ ನಿಶ್ಚಿತಾರ್ಥದ ಫೋಟೋ ಕಣಮ್ಮ!" ಎಂದರು ಮಾವ, ನಮಗೇ ಕಣ್ಣು ಕಾಣುವುದಿಲ್ಲವೇನೋ ಎಂಬಂತೆ. "ಫೋಟೋ ಆಗ್ಲಿ, ಸದ್ದಾಗ್ಲಿ, ಕಂಪ್ಯೂಟರ್ ಒಳಗೆ ಬರೀ ಸೊನ್ನೆ, ಒಂದು. ಆರಾರು ಸೇರಿಸಿ ಒಂದೊಂದು ಅಕ್ಷರ ಕೊಟ್ಟಿದೀನಿ. ಒಟ್ಟು ಅರವತ್ನಾಲ್ಕೇ ಅಕ್ಷರ. ಇದನ್ನ ವಾಪಸ್ ಟೈಪ್ ಮಾಡಿ ನನ್ನ ಪ್ರೋಗ್ರಾಮ್ ಓಡಿಸಿದ್ರೆ ನೀನೂ ಬರ್ತೀಯ, ಇವನೂ ಬರ್ತಾನೆ."

"ಫ್ಲಾಪಿಲಿ ಕೊಟ್ಟಿದ್ರೆ ಆಗ್ತಿರ್ಲಿಲ್ವಾ ಮಾವ?"

"ಫ್ಲಾಪಿಗೆ ಬೂಷ್ಟು ಹಿಡಿಯುತ್ತೆ ಮಾರಾಯ!"

ಹೆಂಡತಿ ಆ ಹಾಳೆಗಳನ್ನು ಅಡುಗೆಮನೆಯ ಡಬ್ಬಗಳ ಕೆಳಗೆ ಹಾಸಿದಳು. ಈಗಲೂ ನಮ್ಮ ನಿಶ್ಚಿತಾರ್ಥದ ಮೇಲೆ ತೊಗರಿಬೇಳೆ ಕೂತಿದೆ.

ಇನ್ನೊಮ್ಮೆ ಶಿವಮೊಗ್ಗದ ಬಸ್ಸಿನಲ್ಲಿ ಮಾವ ಇಂಥದೇ ಹಾಳೆಯನ್ನು ಬಾಯಿಬಿಟ್ಟು ಓದಿ ತಾಳೆ ನೋಡತೊಡಗಿದರು. ಮಲವಗೊಪ್ಪ ಬರುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ಕೈಮುಗಿದು, "ಸ್ವಾಮಿ, ನನ್ ಮಗಳಿಗೆ ಕಂಕಣ ಯಾವಾಗ ಕೂಡಿಬರುತ್ತೆ ನೋಡಿ" ಎಂದಳು. ಮಾವ ತಲೆಯೆತ್ತದೆ, "ತಡೀರಮ್ಮ, ಇನ್ನೊಂದು ಸಾಲಿದೆ" ಎನ್ನಬೇಕೇ! ನಾನು ಮುಂದಿನ ಸೀಟಿಗೆ ಹೋಗಿ ಯಾರೋ ಏನೋ ಎಂಬಂತೆ ಕೂತೆ.

ಆಮೇಲೆ ಅಮ್ಮನಿಗೆ ಗಂಟಲಿನ ಆಪರೇಷನ್ ಎಂದರು ಡಾಕ್ಟರು. ಹಿಂದಿನ ದಿನ ಮಾವ ಕಂಪ್ಯೂಟರನ್ನೇ ಆಟೋದಲ್ಲಿ ಹೇರಿಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಊಟ ಬಿಟ್ಟು ವೈರು ಸಿಕ್ಕಿಸುತ್ತ ಕೂತವರಿಗೆ ಅಮ್ಮ ಗದರಿದಳು. ಅಷ್ಟನ್ನೇ ಮೈಕಿನಲ್ಲಿ ಹಿಡಿದುಕೊಂಡರು! ಇಂಥ ಹೊತ್ತಿನಲ್ಲೂ ಆಟವೇ ಎಂದು ನಾನು ಅವರ ಮೇಲೆ ಕೂಗಾಡಿಬಿಟ್ಟೆ.

ಅಮ್ಮನ ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಅವಳ ಮಾತೆಲ್ಲ ಸ್ಲೇಟಿನ ಮೇಲೆ. ಮುಂದೆ ನನಗೆ ಮಗಳು ಹುಟ್ಟಿ, ಮಾತು ಕಲಿತು, ಒಂದು ದಿನ ಕೇಳಿಯೇಬಿಟ್ಟಳು: "ಅಜ್ಜಿ ದನಿ ಹೆಂಗಿತ್ತಪ್ಪ?" ಅಮ್ಮ ಸ್ಲೇಟು ನನ್ನ ಮುಂದೆ ಹಿಡಿದಳು. "ಒಂದೇ ಒಂದು ಸಲ ಇವಳಿಗೆ ಕೇಳಿಸು."

ಎಲ್ಲರೂ ಭದ್ರಾವತಿಗೆ ಓಡಿದೆವು. ಮಾವನ ಹಳೇ ಕಂಪ್ಯೂಟರಿನ ಡಿಸ್ಕು ಸತ್ತು ವರ್ಷವಾಗಿತ್ತಂತೆ. ಫ್ಲಾಪಿ ಹಾಕಿದರೆ ಗರ್ರ್ ಎಂದು ಸುಮ್ಮನಾಯಿತು. ಬೂಷ್ಟು! ಮಾವ ಬೀರುವಿನಿಂದ ಲಾಡಿ ಕಟ್ಟಿದ ಫೈಲೊಂದನ್ನು ತೆಗೆದರು. ಹತ್ತು ಹಾಳೆ.

ನಾಲ್ಕು ದಿನ ಮಾವ ಟೈಪ್ ಮಾಡಿದರು. ಅಮ್ಮ ಪಕ್ಕದಲ್ಲಿ ಕೂತು ಪೆನ್ಸಿಲಿನಿಂದ ಒಂದೊಂದೇ ಅಕ್ಷರ ತೋರಿಸಿದಳು. ಐದನೇ ದಿನ ಬೆಳಿಗ್ಗೆ ಪ್ರೋಗ್ರಾಮ್ ಓಡಿಸಿದರೆ, "ಏ" ಎಂಬಷ್ಟು ಕೇಳಿಸಿ ಮುಂದೆಲ್ಲ ಗೊರಗೊರ.

"ಎಲ್ಲೋ ಒಂದಕ್ಷರ ಬಿಟ್ಟೋಗಿದೆ. ಅಲ್ಲಿಂದಾಚೆ ಎಲ್ಲಾ ಕೆಟ್ಟೋಗುತ್ತೆ" ಎಂದರು ಮಾವ.

ಅಮ್ಮ ಮತ್ತೆ ಮೊದಲ ಸಾಲಿನಿಂದ ಶುರುಮಾಡಿದಳು. ಎರಡನೇ ಹಾಳೆಯ ನಡುವೆ ಪೆನ್ಸಿಲು ಟಕ್ ಟಕ್ ಎಂದು ಮೇಜು ಕುಟ್ಟಿತು. ಒಂದು ಚಿಕ್ಕ ಕ್ಯೂ ಬಿಟ್ಟುಹೋಗಿತ್ತು. ಮಾವ ಸೇರಿಸಿದರು.

"ಏಳೋ ಸಾಕು ಮಾರಾಯ, ಅನ್ನ ಆರ್ತಾ ಇದೆ!"

ಅಮ್ಮನದೇ ದನಿ! ಅದೇ ಗದರಿಕೆ! ಮಗಳು ಗಾಬರಿಯಾಗಿ ಅಜ್ಜಿಯ ಬಾಯನ್ನೇ ನೋಡಿದಳು. ನಾನು ಅಂದು ಕೂಗಾಡಿದ್ದು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ.

ಮಾವನೋ? ಯಾರು ಎಷ್ಟು ಕರೆದರೂ ಕಂಪ್ಯೂಟರ್ ಮುಂದಿನಿಂದ ಎಂದೂ ಎದ್ದವರೇ ಅಲ್ಲ. ಅಂದು ಮಾತ್ರ "ಬಂದೆ ಅಕ್ಕ" ಎಂದು ತಟ್ಟನೆ ಎದ್ದು, ಕಣ್ಣೊರೆಸಿಕೊಳ್ಳುತ್ತಾ ಕೈ ತೊಳೆಯಲು ಹೊರಟರು.