ಗೆರೆ ಸವೆದ ಬೆರಳುಗಳ ದ್ವೀಪಯಾತ್ರೆ

ನಮ್ಮ ಅತ್ತೆ ಸಮುದ್ರವನ್ನು ಕಣ್ಣಾರೆ ನೋಡುವುದಕ್ಕೆ ಹನ್ನೊಂದು ವರ್ಷ ಮೊದಲೇ ಅದರ ಲೋಪದೋಷಗಳನ್ನೆಲ್ಲ ಪತ್ತೆ ಹಚ್ಚಿ ಮುಗಿಸಿದ್ದಳು! ಮೊದಲನೆಯದು ಉಪ್ಪು. "ಅಷ್ಟೊಂದು ನೀರಿಟ್ಕೊಂಡು ಅದಕ್ಕೆ ಉಪ್ಪು ಯಾಕಮ್ಮ ಬೆರೆಸ್ಬೇಕಿತ್ತು? ಒಂದು ಹಿಡಿ ರೇಷ್ಮೆಗೂಡು ಬೇಯ್ಸಕ್ಕೂ ಬರಲ್ಲ." ಎರಡನೆಯದು ಅಲೆ. "ದಡದವರ್ಗೂ ಬರುತ್ತೆ, ಏನೂ ಮಾಡ್ದೆ ವಾಪಸ್ಸು ಹೋಗುತ್ತೆ. ಥೇಟ್ ನಿಮ್ಮಪ್ಪ!" ಮೂರನೆಯ ದೋಷವೆಂದರೆ ಅದು ಶಿಡ್ಲಘಟ್ಟದಿಂದ ಬಹಳ ದೂರದಲ್ಲಿದೆ ಎಂಬುದು. ಇದಕ್ಕೆ ಹೊಣೆ ಯಾರು ಎಂದು ಅತ್ತೆ ಕೇಳಲಿಲ್ಲ. ಹಾಗೆ ಕೇಳುವುದು ನನ್ನ ಕೆಲಸ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕೂತು ನಾನು ಕಲಿತದ್ದು ಮುಖ್ಯವಾಗಿ ಅದನ್ನೇ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಹಿತ್ತಲಿನ ಶೀಟಿನ ಮನೆಯಲ್ಲಿ ಗೂಡು ಬೇಯಿಸುವ ಬೇಸಿನ್ ಹಾಕಿಸಿ ಮೂವತ್ತೆರಡು ವರ್ಷ ರೇಷ್ಮೆ ನೂಲು ಬಿಚ್ಚಿದಳು. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹುಡುಕಿ ಎತ್ತುವ ಕೆಲಸ ಅದು. ಹೀಗಾಗಿ ಜಗತ್ತಿನ ಯಾವ ನೀರನ್ನು ಕಂಡರೂ ಅವಳಿಗೆ ಮೊದಲು ಹೊಳೆಯುವ ಪ್ರಶ್ನೆ, ಇದರಲ್ಲಿ ಗೂಡು ಬೇಯುತ್ತದೆಯೇ ಎಂಬುದು.

ಬೇಸಿನ್ನಿನ ಎದುರು ಗೋಡೆಯಲ್ಲಿ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರಿನ ಒಂದೇ ಒಂದು ಹಾಳೆ ತೂಗುತ್ತಿತ್ತು. ಬಾಗಿದ ತೆಂಗು, ಬಿಳಿಯ ಮರಳು, ನೀಲಿ ನೀರು, ನೀರಿನ ನಡುವೆ ನೆಟ್ಟಗೆ ಎದ್ದ ಹಸಿರು ಬಂಡೆಗಳು. ವರ್ಷಗಳು ಬದಲಾದವು, ಆ ಮೇ ತಿಂಗಳು ಮಾತ್ರ ಬದಲಾಗಲಿಲ್ಲ. ನಾನು ಕಾಲೇಜಿಗೆ ಸೇರಿ ಕೈಗೊಂದು ಫೋನು ಬಂದ ವಾರವೇ ಅತ್ತೆ ಆ ಹಾಳೆಯ ಫೋಟೋ ತೆಗೆಸಿ, "ಇದ್ಯಾವೂರು ಅಂತ ಕೇಳೇ ಅದನ್ನ" ಎಂದಳು. ಥಾಯ್ಲೆಂಡಿನ ದ್ವೀಪ ಎಂದಿತು ಫೋನು.

"ಸರಿ. ಬಸ್ಸು ಎಲ್ಲಿಂದ?" ಎಂದಳು ಅತ್ತೆ.

ಅಲ್ಲಿಂದ ಶುರುವಾಯಿತು ನೋಡಿ ಯೋಜನೆ! ಇನ್ನೂರು ಪುಟದ ನೋಟುಪುಸ್ತಕವೊಂದು ಅದಕ್ಕೇ ಮೀಸಲಾಯಿತು. ಅಲ್ಲಿ ಅವರೆಕಾಯಿ ಸಿಗುತ್ತದೆಯೇ? ಇಲ್ಲ. ಹಾಗಾದರೆ ಅವರೆಯ ಕಾಲದಲ್ಲಿ ಊರು ಬಿಡುವ ಮಾತೇ ಇಲ್ಲ. ಹೀಗೆ, ಇಡೀ ಜಗತ್ತು ಆ ದ್ವೀಪಗಳಿಗೆ ನುಗ್ಗುವ ಡಿಸೆಂಬರ್ ಮತ್ತು ಜನವರಿ ನಮ್ಮ ಪಾಲಿಗೆ ನಿಷಿದ್ಧವಾದವು. ಎರಡು ಪಂಚವಾರ್ಷಿಕ ಯೋಜನೆಗಳು ಮುಗಿದು ಮೇಲೊಂದು ವರ್ಷವಾಗುವಷ್ಟು ಕಾಲ ನೋಟುಪುಸ್ತಕ ತುಂಬುತ್ತಲೇ ಹೋಯಿತು. ಕಾಗದದ ಮೇಲೆ ಮಾತ್ರ ಪ್ರಗತಿ ಕಾಣುವುದು ಈ ದೇಶದಲ್ಲಿ ಅತ್ತೆ ಒಬ್ಬಳ ತಪ್ಪೇ?

ಕಳೆದ ವರ್ಷ ದೊಡ್ಡವರ ಸ್ವಯಂಚಾಲಿತ ಯಂತ್ರಗಳ ಮುಂದೆ ಏಗಲಾರದೆ ಅತ್ತೆ ಶೀಟಿನ ಮನೆಗೆ ಬೀಗ ಹಾಕಿ ಬೇಸಿನ್ನುಗಳನ್ನು ಮಾರಿದಳು. ಮರುದಿನ ಬೆಳಗ್ಗೆ, ಕಾಫಿ ಕುಡಿಯುತ್ತಿದ್ದ ಅಪ್ಪನ ಮುಂದೆ ನೋಟುಪುಸ್ತಕ ತಂದಿಟ್ಟು, "ನಾನು ಹೊರಟೆ" ಎಂದಳು.

"ಆ ದುಡ್ಡಲ್ಲಿ ಒಂದು ಸರ ಮಾಡಿಸ್ಕೊಳಕ್ಕ" ಎಂದರು ಅಪ್ಪ.

"ಸರ ಹಾಕ್ಕೊಂಡು ಎಲ್ಲಿಗೋ ಹೋಗ್ಲಿ?"

"ನೀರು ನೋಡ್ಬೇಕು ಅಂದ್ರೆ ಕೆರೆ ಹತ್ರ ಹೋಗಣ ಬಾ."

"ಕೆರೆಗೆ ನೀರು ಬಂದಾಗ ಕರಿ, ಬರ್ತೀನಿ."

"ಮುರುಗಮಲ್ಲದ ದರ್ಗಾಕ್ಕಾದ್ರೂ ಹೋಗ್ಬಾ. ಮನಸ್ಸಿಗೆ ನೆಮ್ಮದಿ ಸಿಗುತ್ತೆ."

"ನೆಮ್ಮದಿ ಯಾರಿಗೆ ಬೇಕಿತ್ತೋ? ನಂಗೆ ಮಜಾ ಬೇಕು!"

ನಮ್ಮ ಸೀಮೆಯಲ್ಲಿ ಹೆಂಗಸು ಊರು ದಾಟಲು ಅಂಗೀಕೃತ ಕಾರಣಗಳು ಮೂರೇ: ದೇವರು, ಆಸ್ಪತ್ರೆ, ಬೇರೆಯವರ ಮದುವೆ. ಅರವತ್ತರ ವಿಧವೆಯೊಬ್ಬಳು ಮಜಾ ಎಂಬ ಪದವನ್ನು ಬಾಯಿಬಿಟ್ಟು ಉಚ್ಚರಿಸಿದರೆ ಅದಕ್ಕೆ ಯಾವ ಶಾಂತಿ ಮಾಡಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಅತ್ತೆಯೇ ಮುಂದುವರಿಸಿದಳು: "ಬೆಂಗ್ಳೂರಿನವ್ರು ನಮ್ಮ ಕಳವಾರದ ಗುಡ್ಡ ಹತ್ತಕ್ಕೆ ಬಂದು ಸಾಲಾಗಿ ನಿಂತ್ಕೋತಾರಲ್ಲ, ಅವ್ರನ್ನ ಯಾವ ದೇವ್ರಿಗೆ ಬಂದ್ರಿ ಅಂತ ಯಾರಾದ್ರೂ ಕೇಳಿದ್ರಾ?"

ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಯಾವ ವಿಚಾರಸಂಕಿರಣದಲ್ಲೂ ಕೇಳಿರಲಿಲ್ಲ. ಅಂದೇ ಅವಳ ಪರವಾಗಿ ನಿಂತೆ. ಜೊತೆಗೆ ಹೊರಡುವುದಾಗಿಯೂ ಘೋಷಿಸಿದೆ.

ಆದರೆ ಪ್ರಭುತ್ವ ಎಂಬುದೊಂದು ಇದೆಯಲ್ಲ! ಪಾಸ್‌ಪೋರ್ಟ್ ಕಚೇರಿಯಲ್ಲಿ ಬೆರಳಚ್ಚು ತೆಗೆಯುವ ಗಾಜಿನ ಮೇಲೆ ಅತ್ತೆ ಕೈಯಿಟ್ಟಳು. ಯಂತ್ರ ಕೆಂಪು ದೀಪ ಮಿನುಗಿಸಿ ಸುಮ್ಮನಾಯಿತು.

"ಸರಿಯಾಗಿ ಇಡಿ ಅಮ್ಮ, ಬರ್ತಿಲ್ಲ" ಎಂದ ಅಲ್ಲಿದ್ದ ನೌಕರ.

"ನಾನೇ ಬಂದು ನಿಂತಿದ್ದೀನಲ್ಲಪ್ಪ, ಇನ್ನೇನು ಬರ್ಬೇಕು?"

"ನಿಮ್ಮ ಬೆರಳಲ್ಲಿ ಗೆರೆಗಳೇ ಇಲ್ಲ. ನೀವು ನೀವೇ ಅಂತ ನಾವು ಹೆಂಗೆ ನಂಬೋದು?"

ಅತ್ತೆ ತನ್ನ ಹತ್ತು ಬೆರಳುಗಳನ್ನೂ ಮೇಲೆತ್ತಿ, ಇವತ್ತೇ ಮೊದಲ ಸಲ ನೋಡುತ್ತಿರುವಂತೆ ನೋಡಿಕೊಂಡಳು. ಮೂವತ್ತೆರಡು ವರ್ಷದ ಬಿಸಿನೀರು ಅವುಗಳ ಗೆರೆಗಳನ್ನು ಬೆಣ್ಣೆಯಂತೆ ನುಣ್ಣಗೆ ಸವೆಸಿತ್ತು. ನಾನು ಕೆರಳಿದೆ. ಮನೆಗೆ ಬಂದವಳೇ ಮೂರು ಪುಟದ ಅರ್ಜಿ ಬರೆದೆ. ಮಂಟಪದಲ್ಲಿ ರೇಷ್ಮೆ ಸೀರೆಯನ್ನು ಮೆರೆಸುವ ನಾಡು, ಆ ರೇಷ್ಮೆಯನ್ನು ಬಿಚ್ಚಿದ ಕೈಗೆ ನೀನು ಯಾರೆಂದು ಕೇಳುವುದು ಯಾವ ನ್ಯಾಯ? ಈ ಬೆರಳುಗಳ ಗೆರೆ ಎಲ್ಲಿ ಹೋಯಿತು, ಯಾರ ಪೆಟ್ಟಿಗೆಯ ಸೀರೆಯಲ್ಲಿ ಮಡಿಕೆಯಾಗಿ ಕೂತಿದೆ, ಉತ್ತರ ಕೊಡತಕ್ಕದ್ದು! ಉತ್ತರ ಈ ಸಾಲು ಬರೆಯುವ ಹೊತ್ತಿಗೂ ಬಂದಿಲ್ಲ.

ಅತ್ತೆ ಅರ್ಜಿ ಬರೆಯಲಿಲ್ಲ. "ಕೈ ನೀರಿಗೆ ಹಾಕ್ದಿದ್ರೆ ಗೆರೆ ತಿರ್ಗಾ ಬರ್ತಾವೆ ಕಣೇ" ಎಂದು ನಲವತ್ತು ದಿನ ನೀರು ಮುಟ್ಟದ ವ್ರತ ಹಿಡಿದಳು. ಹತ್ತು ಬೆರಳಿಗೂ ಹರಳೆಣ್ಣೆ ಸವರಿಕೊಂಡು, ಎರಡೂ ಕೈಗಳನ್ನು ಅಭಯಹಸ್ತದಂತೆ ಎತ್ತಿ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತಳು. ಅಮ್ಮನಿಗೆ ಮೊದಲೇ ಮಂಡಿನೋವು. ಹಾಗಾಗಿ ಪಾತ್ರೆ ತೊಳೆಯುವುದೂ ಮುದ್ದೆ ತೊಳಸುವುದೂ ಅಪ್ಪನ ಪಾಲಿಗೆ ಬಂದವು.

"ಗಂಟು ಬಿಡ್ತಾ ಇದೆ ನೋಡೋ. ಕೋಲು ಬಿಗಿಯಾಗಿ ಹಿಡಿ!"

"ಹಿಡಿದಿದ್ದೀನಕ್ಕ!"

"ಅದು ಹಿಡಿದಿರೋದಾ? ಬೆಕ್ಕನ್ನ ಸವರ್ದಂಗಿದೆ!"

ಅಪ್ಪ ಹುಟ್ಟಿ ಐವತ್ತೈದು ವರ್ಷಕ್ಕೆ ಮುದ್ದೆ ಮಾಡಲು ಕಲಿತರು. ಒಬ್ಬ ಗಂಡಸನ್ನು ಒಲೆಯ ಮುಂದೆ ನಿಲ್ಲಿಸಲು ಈ ದೇಶದಲ್ಲಿ ಕಚೇರಿಯೊಂದರ ಯಂತ್ರವೇ ಅಡ್ಡಗಟ್ಟಬೇಕಾಯಿತಲ್ಲ! ಮೂವತ್ತನೆಯ ದಿನ ಎಡಗೈಯ ಉಂಗುರದ ಬೆರಳಿನಲ್ಲಿ ಮಸುಕಾದ ಗೆರೆಯೊಂದು ಕಾಣಿಸಿಕೊಂಡಾಗ, ಅದನ್ನು ಭೂತಗನ್ನಡಿಯಲ್ಲಿ ಮೊದಲು ನೋಡಿ ಕೂಗಿಕೊಂಡವರೂ ಅಪ್ಪನೇ. ಎರಡನೆಯ ಸಲ ಯಂತ್ರ ಹತ್ತರಲ್ಲಿ ಆರು ಬೆರಳುಗಳನ್ನು ಒಪ್ಪಿಕೊಂಡಿತು. ಶೇಕಡಾ ಅರವತ್ತರಷ್ಟು ಅತ್ತೆ ಅತ್ತೆಯೇ ಎಂದು ಸರ್ಕಾರ ನಂಬಿತು.

ಬ್ಯಾಂಕಾಕಿನಲ್ಲಿ ವಿಮಾನ ಇಳಿದರೆ ಮತ್ತದೇ ಗಾಜು, ಮತ್ತದೇ ಕೆಂಪು ದೀಪ! ಅತ್ತೆಯ ಅನುಭವದ ಪ್ರಕಾರ ಕನ್ನಡ ಬಾರದವರಿಗೆ ತೆಲುಗು ಬರುತ್ತದೆ. ತೆಲುಗೂ ಬಾರದವರಿಗೆ ಗೂಡಿನ ಮಾರುಕಟ್ಟೆಯ ಉರ್ದು ಬರುತ್ತದೆ. ಅದರಾಚೆಗೂ ಮನುಷ್ಯರಿದ್ದಾರೆ ಎಂಬ ಕಲ್ಪನೆ ಅವಳಿಗಿರಲಿಲ್ಲ. ಸಮವಸ್ತ್ರ ತೊಟ್ಟ ಎಳೆಯ ಅಧಿಕಾರಿಣಿಗೆ ಬೆರಳು ತೋರಿಸಿ, "ಸವೆದೋಗಿದೆ ಕಣಮ್ಮ" ಎಂದಳು. ಅವಳು ಮಿಕಮಿಕ ನೋಡಿದಳು. "ಪನಿ ಚೇಸಿ ಚೇಸಿ ಅರಿಗಿಪೋಯಿಂದಮ್ಮಾ" ಎಂದು, ದುಡಿದು ದುಡಿದೇ ಸವೆದದ್ದೆಂಬುದನ್ನು ತೆಲುಗಿನಲ್ಲಿ ಹೇಳಿದಳು ಅತ್ತೆ. ನಾನು ನನ್ನ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಮಾನವ ಹಕ್ಕುಗಳಿಂದ ಆರಂಭಿಸಬೇಕೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಆ ಹುಡುಗಿ ಅತ್ತೆಯ ಬೆರಳುಗಳನ್ನು ಒದ್ದೆ ಕಾಗದದಿಂದ ಒರೆಸಿ, ಮತ್ತೆರಡು ಸಲ ಪ್ರಯತ್ನಿಸಿ, ಪಕ್ಕದ ಹಿರಿಯರನ್ನು ಕೇಳಿ ಬಂದು, ಪಾಸ್‌ಪೋರ್ಟಿಗೆ ಠಪ್ಪನೆ ಮುದ್ರೆ ಒತ್ತಿದಳು.

"ನೋಡ್ದಾ? ತೆಲುಗು ಬರುತ್ತೆ ಅವ್ಳಿಗೆ" ಎಂದಳು ಅತ್ತೆ.

ಇನ್ನು ಊಟ. ಮೆಣಸಿನಕಾಯಿ, ಕಡಲೆಬೀಜ, ನಿಂಬೆರಸ ಹಾಕಿ ಒರಳಿನಲ್ಲಿ ಜಜ್ಜಿದ ಪರಂಗಿಕಾಯಿಯನ್ನು ಅತ್ತೆ ಬಾಯಿಗಿಟ್ಟು, "ಗೌರಿಬಿದನೂರಿನ ಕಡ್ಲೆಬೀಜ ಬಿದ್ದಿದ್ರೆ ಇನ್ನೂ ಚೆನ್ನಾಗಿರೋದು" ಎಂಬ ಗರಿಷ್ಠ ಪ್ರಶಂಸೆ ನೀಡಿದಳು. ಜೊತೆಗೆ ಪುಟ್ಟ ಬುಟ್ಟಿಯಲ್ಲಿ ಅಂಟಂಟಾದ ಅನ್ನ ಬಂತು. ಅಲ್ಲಿನವರು ಅದನ್ನು ಕೈಯಲ್ಲಿ ಉಂಡೆ ಕಟ್ಟಿ, ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಿದ್ದರು. ಅತ್ತೆಯ ಮುಖ ಅರಳಿತು. "ಮುದ್ದೆ ಕಣೇ! ಇವ್ರು ನಮ್ಮೋರೇ!" ಎಂದವಳೇ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಮುದ್ದೆಯನ್ನು ನುಂಗಿದಂತೆ ಅಗಿಯದೆ ಗುಳಕ್ಕನೆ ನುಂಗಿಬಿಟ್ಟಳು. ಮುದ್ದೆ ಜಾರುತ್ತದೆ, ಆ ಅನ್ನ ಜಾರುವುದಿಲ್ಲ! ಅರ್ಧ ದಾರಿಯಲ್ಲಿ ಅದು ಧರಣಿ ಕೂತಿತು. ಅತ್ತೆಯ ಕಣ್ಣು ಮೇಲಕ್ಕೆ ಹೋದವು, ಅಂಗಡಿಯಾಕೆ ಓಡಿಬಂದು ಬೆನ್ನಿಗೆ ಗುದ್ದಿದಳು, ನಾನು ಬೊಬ್ಬೆ ಹಾಕಿದೆ. ಎರಡು ಲೋಟ ನೀರಿನ ನಂತರ ಉಂಡೆ ಧರಣಿ ಕೈಬಿಟ್ಟು ಕೆಳಗಿಳಿಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು: "ರಾಗಿ ಬೆಳೆಯಕ್ಕೆ ಹೇಳು ಇವ್ರಿಗೆ."

ಅದೇ ಸಂಜೆಯ ಸಂತೆಯಲ್ಲಿ ತಳ್ಳುಗಾಡಿಯೊಂದರ ಮುಂದೆ ಅತ್ತೆ ಗಕ್ಕನೆ ನಿಂತಳು. ತಟ್ಟೆಯ ತುಂಬ, ಎಣ್ಣೆಯಲ್ಲಿ ಕರಿದು ಉಪ್ಪು ಉದುರಿಸಿದ ರೇಷ್ಮೆಹುಳುಗಳು! ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ, ನಾವು ಮೂಗು ಮುಚ್ಚಿಕೊಂಡು ಮೂಟೆ ಕಟ್ಟಿ ಸಾಗಹಾಕುವ ಅದೇ ಹುಳು. ಮಾರುವವನು ಒಂದು ಹುಳುವನ್ನು ಕಡ್ಡಿಗೆ ಚುಚ್ಚಿ, ರುಚಿ ನೋಡಿ ಎಂದು ನೀಡಿದ.

"ಮೂವತ್ತೆರಡು ವರ್ಷ ನಂಗೆ ಅನ್ನ ಹಾಕಿದ ಹುಳ ಕಣೇ. ಇದನ್ನೇ ತಿನ್ನು ಅಂತಾನಲ್ಲ!" ಎಂದಳು ಅತ್ತೆ. ಅನಂತರ ಚಪ್ಪಲಿ ಬಿಟ್ಟು, ತಟ್ಟೆಗೆ ಕೈಮುಗಿದಳು. ಮಾರುವವನು ತನಗೇ ನಮಸ್ಕಾರವೆಂದು ಎದೆಯ ಬಳಿ ಕೈಜೋಡಿಸಿ ತಲೆಬಾಗಿದ. ಹಿಂದೆ ನಿಂತಿದ್ದ ಇಬ್ಬರು ಬಿಳಿಯ ಪ್ರವಾಸಿಗರು ಇದು ಸ್ಥಳೀಯ ಸಂಪ್ರದಾಯವೆಂದು ಭಾವಿಸಿ, ಬೂಟು ಬಿಚ್ಚಿ, ಹುಳುಗಳಿಗೆ ಭಕ್ತಿಯಿಂದ ವಂದಿಸಿ ಮುಂದೆ ಹೋದರು. ಸಂಸ್ಕೃತಿಗಳು ಹೇಗೆ ಹುಟ್ಟುತ್ತವೆ ಎಂದು ಇನ್ನು ನನಗೆ ಯಾವ ಪ್ರಾಧ್ಯಾಪಕರೂ ವಿವರಿಸಬೇಕಾಗಿಲ್ಲ.

ಕೊನೆಗೆ ದ್ವೀಪ. ದೋಣಿಯಿಂದಿಳಿದ ಅತ್ತೆ ಸೀರೆ ಎತ್ತಿಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ಬಹಳ ಹೊತ್ತು ನಿಂತಳು. ಬಗ್ಗಿ ಕೈ ಅದ್ದಿದಳು, ಒಂದು ಹನಿ ನಾಲಗೆಗೆ ಹಚ್ಚಿಕೊಂಡಳು. "ನಾನು ಹೇಳಿರ್ಲಿಲ್ವಾ, ಉಪ್ಪು" ಎಂದಳು, ಗೆದ್ದವಳಂತೆ.

ದಂಡೆಯಲ್ಲಿ ಗರಿಯ ಚಪ್ಪರದ ಕೆಳಗೆ ಚಾಪೆ ಹಾಸಿ ಮೈಕೈ ಒತ್ತುವ ಹೆಂಗಸರಿದ್ದರು. ನಾನೇ ಬಲವಂತದಿಂದ ಅತ್ತೆಯನ್ನು ಮಲಗಿಸಿದೆ. ಒತ್ತಲು ಬಂದವಳು ಹೆಚ್ಚುಕಡಿಮೆ ಅವಳದೇ ವಯಸ್ಸಿನವಳು. "ಕಾಲು ಮುಟ್ಬೇಡಮ್ಮ, ನೀನು ದೊಡ್ಡೋಳಿದ್ದೀಯ" ಎಂದು ಅತ್ತೆ ಕಾಲೆಳೆದುಕೊಂಡಳು. ಆಕೆ ನಕ್ಕು ಕೈ ಹಿಡಿದಳು. ಬೆರಳ ತುದಿಗೆ ಬಂದಾಗ ಒತ್ತುವುದನ್ನು ನಿಲ್ಲಿಸಿದಳು. ತನ್ನ ಹೆಬ್ಬೆರಳಿನಿಂದ ಆ ನುಣುಪನ್ನು ಒಂದೊಂದಾಗಿ ಸವರಿ ನೋಡಿದಳು. ಆಮೇಲೆ ಗಾಳಿಯಲ್ಲಿ ಕೈಯಾಡಿಸಿ, ಕಾಣದ ನೀರನ್ನು ಕಲಕಿ, ಕಾಣದ ಎಳೆಯೊಂದನ್ನು ಎತ್ತಿ ಎಳೆದಳು.

ಅತ್ತೆ ತಟ್ಟನೆ ಎದ್ದು ಕೂತಳು. ತಾನೂ ಗಾಳಿಯಲ್ಲಿ ಎಳೆ ಎತ್ತಿದಳು. ಆಕೆ ಫೋನಿನಲ್ಲಿ ಏನನ್ನೋ ಹೇಳಿದಳು. ಫೋನು ಅದನ್ನು ಅನುವಾದಿಸಿ ತೋರಿಸಿತು: ನಮ್ಮ ದೇಶದ ಈಶಾನ್ಯದ ಹಳ್ಳಿಯಲ್ಲಿ ನನ್ನ ತಾಯಿಯ ಬೆರಳುಗಳೂ ಹೀಗೇ ಇದ್ದವು.

"ಕಂಡುಹಿಡಿದ್ಬಿಟ್ಲು ಕಣೇ!" ಎಂದಳು ಅತ್ತೆ. ಎರಡು ದೇಶದ ಯಂತ್ರಗಳು ಗುರುತಿಸದಿದ್ದವಳನ್ನು ಆ ಹೆಂಗಸು ಬರಿಯ ಹೆಬ್ಬೆರಳಿನಿಂದ ಗುರುತಿಸಿದ್ದಳು. ಅತ್ತೆ ಮತ್ತೆ ಮಲಗಲಿಲ್ಲ. ಎರಡೂ ಕೈಗಳನ್ನು ಆಕೆಯ ಮಡಿಲಲ್ಲಿಟ್ಟು ಕೂತಳು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ, "ಈ ಕೈನ ಇಷ್ಟು ಹೊತ್ತು ಯಾರೂ ಹಿಡ್ಕೊಂಡಿರ್ಲಿಲ್ಲ" ಎಂದಳು.

"ಯಾಕತ್ತೆ?"

"ವಾಸ್ನೆ ಅಲ್ವಾ."

ಆ ಮಾತಿನಲ್ಲಿ ದೂರೇನೂ ಇರಲಿಲ್ಲ. ಆದರೆ ನನಗೆ ಆರೇಳು ವರ್ಷದ ಹುಡುಗಿಯೊಬ್ಬಳು ನೆನಪಾದಳು. ಬೆಂದ ಹುಳುವಿನ ವಾಸನೆಯ ಆ ಕೈ ತುತ್ತು ಹಿಡಿದು ಬಂದಾಗಲೆಲ್ಲ ಅವಳು ಮೂಗು ಮುಚ್ಚಿಕೊಂಡು ಅಮ್ಮನ ಬೆನ್ನ ಹಿಂದೆ ಅಡಗುತ್ತಿದ್ದಳು. ಅತ್ತೆ ಸೋಪು ಹಾಕಿ ತೊಳೆದು ಬರುತ್ತಿದ್ದಳು, ನಿಂಬೆಸಿಪ್ಪೆ ಉಜ್ಜಿಕೊಂಡು ಬರುತ್ತಿದ್ದಳು. ಹುಡುಗಿ ಬಾಯಿ ತೆರೆಯಲಿಲ್ಲ. ಅತ್ತೆ ತುತ್ತು ತರುವುದನ್ನು ಯಾವ ದಿನ ನಿಲ್ಲಿಸಿದಳೋ ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಇಲಾಖೆಗಳಿಗೆ ಮೂರು ಪುಟ ಬರೆದ ನಾನು, ನನ್ನನ್ನೇ ಕೇಳಬೇಕಾಗಿದ್ದ ಪ್ರಶ್ನೆಗೆ ಒಂದು ಸಾಲೂ ಕೊಟ್ಟಿರಲಿಲ್ಲ.

ಆ ರಾತ್ರಿ ಊಟಕ್ಕೆ ಅನ್ನ ಮತ್ತು ತೆಂಗಿನಹಾಲಿನ ಹಸಿರು ಸಾರು ಬಂತು. ಸುತ್ತ ಎಲ್ಲರೂ ಚಮಚ ಹಿಡಿದಿದ್ದರೆ ಅತ್ತೆ ಕೈಹಾಕಿ ಕಲಸುತ್ತಿದ್ದಳು. ನಾನು ನನ್ನ ಚಮಚವನ್ನು ಕೆಳಗಿಟ್ಟೆ. ಅವಳ ಕಡೆ ತಿರುಗಿ ಬಾಯಿ ತೆರೆದೆ.

"ಏನೇ ಇದು, ಮೂವತ್ತು ವರ್ಷದ ಕತ್ತೆ!" ಎಂದಳು ಅತ್ತೆ.

ಆದರೂ ಎಡಗೈಯಿಂದ ತಟ್ಟೆಯನ್ನು ನನ್ನತ್ತ ಸರಿಸಿದಳು. ತುತ್ತು ಕಟ್ಟಿದಳು. ಎತ್ತಿದ ಕೈಯನ್ನು ಅರ್ಧಕ್ಕೆ ತಡೆದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಬೆರಳುಗಳನ್ನು ಒಮ್ಮೆ ತಾನೇ ಮೂಸಿ ನೋಡಿಕೊಂಡಳು.

ನಾನು ಬಾಯಿ ಮುಚ್ಚಲಿಲ್ಲ.