ಉದ್ಭವಿಸದ ಜನರೇಟರ್ ಕುರಿತು ಮಾನ್ಯ ಸದಸ್ಯರಲ್ಲಿ ಒಂದು ಬಿನ್ನಹ

ಸದನದಲ್ಲಿ ವಿದ್ಯುತ್ ವಾಹನಗಳ ಪರವಾಗಿ ಅತಿ ಹೆಚ್ಚು ಪ್ರಶ್ನೆ ಕೇಳಿದ ಕೀರ್ತಿಗೆ ಭಾಜನರಾದ, ಹೊಗೆಯ ವೈರಿಗಳೂ ಬ್ಯಾಟರಿಯ ಬಂಧುಗಳೂ ಆದ ಮಾನ್ಯ ಸದಸ್ಯರ ಸನ್ನಿಧಿಗೆ, ದೋಹಾದ ಬಿನ್ ಮಹಮೂದಿನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಿಂದ ಗ್ರೀಷ್ಮಾ ಎಂಬವಳು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿ ಊರು ತಲುಪಿ, ಇಲ್ಲಿ ನಾಲ್ಕು ದಿನ ನಡೆಸಿದ ವಿದ್ಯುತ್ ವಾಹನ ನೀತಿಯ ಅಧ್ಯಯನವನ್ನು ನಲವತ್ತೆಂಟು ಪುಟಗಳ ವರದಿಯಾಗಿಸಿ ಸದನದ ಮುಂದಿಟ್ಟಿರುವಿರೆಂದು ತಿಳಿದು ಸಂತೋಷವಾಯಿತು. ನನ್ನ ನೆನಪು ತಮಗಿರಲಾರದು, ಅದಕ್ಕಾಗಿ ತಾವು ಸಂಕೋಚಪಡಬೇಕಿಲ್ಲ. ಕನ್ನಡ ಎಂ.ಎ. ಮಾಡಿ, ಅಕ್ಕ ಭಾವನ ಮನೆಯಲ್ಲಿದ್ದುಕೊಂಡು ಮುಶೈರಿಬ್‌ನ ಆಫೀಸೊಂದರಲ್ಲಿ ಕಡತ ಜೋಡಿಸುವ ನನ್ನನ್ನು, ತಮ್ಮನ್ನು ಬರಮಾಡಿಕೊಂಡ ಇಲ್ಲಿಯ ಕನ್ನಡ ಬಳಗದವರು ತಮ್ಮ ಮಾತುಗಳನ್ನು ಬರೆದುಕೊಳ್ಳುವುದಕ್ಕೆಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ್ದರು. ಆ ದಿನವಿಡೀ ನಾನು ತಮ್ಮೊಡನೆ ಎರಡು ಸಲ ಮಾತಾಡಿದೆ. ಮೊದಲ ಸಲ ಹೇಳಿದ್ದು 'ಹೌದು ಸರ್', ಎರಡನೆಯ ಸಲವೂ ಅದೇ.

ಅದು ಏಪ್ರಿಲ್ ತಿಂಗಳ ಮೂರನೇ ಶನಿವಾರ. ಬೆಳಿಗ್ಗೆ ಸಭಾಂಗಣದಲ್ಲಿ ತಮಗೆ ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದ ಮೇಲೆ, ಡೀಸೆಲ್ ಎಂಬ ಪೀಡೆ ಹತ್ತು ವರ್ಷಗಳಲ್ಲಿ ಭೂಮಿಯಿಂದ ತೊಲಗಲಿದೆ ಎಂದು ತಾವು ಐವತ್ತು ನಿಮಿಷ ಮಾತಾಡಿದಿರಿ. ಆಮೇಲೆ ಬಳಗದ ವ್ಯಾಪಾರಿಯೊಬ್ಬರು ಪ್ರೀತಿಯಿಂದ ಕೊಟ್ಟಿದ್ದ ವಿದ್ಯುತ್ ಕಾರಿನಲ್ಲಿ, ತಮ್ಮ ಆಪ್ತ ಕಾರ್ಯದರ್ಶಿ ಗಿರಿಧರ್ ಅವರೇ ಚಾಲಕರಾಗಿ, ರಾಸ್ ಲಫಾನಿನ ಅನಿಲ ಸ್ಥಾವರಗಳು ಹಿಂದೆ ಕಾಣುವಂತೆ ಒಂದು ಫೋಟೋ ತೆಗೆಸಿಕೊಳ್ಳಲು ಹೊರಟಿರಿ. ದಾರಿಯಲ್ಲಿ ಅಲ್ ಖೋರ್‌ನಲ್ಲಿ ಮೀನೂಟ. ಊಟ ಒಂದೂವರೆ ಗಂಟೆ ನಡೆಯಿತು. ಅಷ್ಟೂ ಹೊತ್ತು ಹೊರಗೆ ಬಿಸಿಲಿನಲ್ಲಿ ಯಾರೂ ಇಲ್ಲದ ಕಾರು ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತಿತ್ತು. ಬ್ಯಾಟರಿಯ ಚಿತ್ರ ಕೆಂಪಾಗಿದ್ದನ್ನು ನಾನು ಕಾರಿಳಿಯುವಾಗಲೇ ನೋಡಿದ್ದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಾವೇ, "ಏಸಿ ಆನ್ ಇರ್ಲಿ ಬಿಡಮ್ಮ, ಇದ್ರಲ್ಲಿ ಹೊಗೆ ಬರಲ್ವಲ್ಲ," ಎಂದಿರಿ. ನಾನು 'ಹೌದು ಸರ್' ಎಂದೆ. ಅದು ಮೊದಲನೆಯದು.

ಊಟ ಮುಗಿಸಿ ಹೊರಟ ಸ್ವಲ್ಪ ಹೊತ್ತಿಗೆ, ಒಂದೂಕಾಲು ಗಂಟೆಗೆ, ಕಾರು ನಿಂತಿತು. ಎಡಕ್ಕೂ ಬಲಕ್ಕೂ ಮರಳು, ತಲೆಯ ಮೇಲೆ ನಲವತ್ತು ಡಿಗ್ರಿ. ಗಿರಿಧರ್ ಅವರು ಫೋನಿನಲ್ಲಿ ಚಾರ್ಜಿಂಗ್ ಕೇಂದ್ರ ಹುಡುಕುತ್ತಿದ್ದಾಗ, ನಾನು ಯಾರಿಗೂ ಕೇಳಿಸದಂತೆ ಅಣ್ಣು ಮಾವನಿಗೆ ಫೋನ್ ಮಾಡಿದೆ. ಅಣ್ಣು ಮಾವ ಎಂದರೆ ನನ್ನ ಅಮ್ಮನ ತಮ್ಮ. ನಮ್ಮ ಕಟ್ಟಡದಲ್ಲೇ ಕೆಳಗಿನ ಬ್ಯಾಚುಲರ್ ರೂಮಿನಲ್ಲಿರುವ ಅವರು ಹತ್ತೊಂಬತ್ತು ವರ್ಷಗಳಿಂದ ಒಂದು ಗುತ್ತಿಗೆ ಕಂಪನಿಯ ಲಾರಿಯಲ್ಲಿ ರಾಸ್ ಲಫಾನಿಗೆ ಸಾಮಾನು ಸಾಗಿಸುತ್ತಾರೆ, ಒಮ್ಮೆಯೂ ತಡ ಮಾಡಿದವರಲ್ಲ. ಆ ದಿನ ಅವರ ಲಾರಿಯ ಮೇಲಿದ್ದದ್ದು, ಮಾನ್ಯರು ಕ್ಷಮಿಸಬೇಕು, ಒಂದು ಡೀಸೆಲ್ ಜನರೇಟರ್. ಅದು ಎರಡು ಗಂಟೆಯೊಳಗೆ ಗೇಟು ದಾಟಬೇಕಿತ್ತು. ಆ ಗೇಟಿನಲ್ಲಿ ಪಾಸಿನ ಹೊತ್ತು ಮೀರಿದರೆ ನೊಣಕ್ಕೂ ಪ್ರವೇಶವಿಲ್ಲ.

ಅದೇ ದಾರಿಯಲ್ಲಿ ಹಿಂದೆ ಬರುತ್ತಿದ್ದ ಅವರು ಹತ್ತೇ ನಿಮಿಷದಲ್ಲಿ ಬಂದು ಲಾರಿ ನಿಲ್ಲಿಸಿ ಇಳಿದರು. ತಮ್ಮ ಪೇಟ ನೋಡಿದರು, ಕಾರು ನೋಡಿದರು, ಗಡಿಯಾರ ನೋಡಿದರು. "ನಮ್ಮ ಊರಿನ ದೊಡ್ಡವರು ಮಾರಾಯ್ತಿ, ಬಿಸಿಲಿಗೆ ಬಿಟ್ಟು ಹೋಗ್ಲಿಕ್ಕೆ ಆಗ್ತದಾ," ಎಂದು ನನ್ನ ಕಿವಿಯಲ್ಲಿ ಹೇಳಿ, ಜನರೇಟರ್ ಚಾಲು ಮಾಡಿ, ತಮ್ಮ ಕಾರಿನ ಕೇಬಲ್ಲನ್ನು ಅದಕ್ಕೆ ಚುಚ್ಚಿದರು. ಎರಡೂವರೆ ಗಂಟೆ ತಮ್ಮ ಭವಿಷ್ಯದ ವಾಹನವು ತೊಲಗಲಿರುವ ಪೀಡೆಯ ಎದೆಹಾಲು ಕುಡಿಯಿತು. ತಾವು ಲಾರಿಯ ಕ್ಯಾಬಿನ್ನಿನ ತಂಪಿನಲ್ಲಿ ಬೂಟು ಕಳಚಿ, ಅಣ್ಣು ಮಾವ ಊಟಕ್ಕೆಂದು ಇಟ್ಟುಕೊಂಡಿದ್ದ ಲಬನ್ ಮಜ್ಜಿಗೆ ಕುಡಿದು, ಚೆನ್ನಾಗಿ ನಿದ್ದೆ ಮಾಡಿದಿರಿ. ಎದ್ದವರೇ ಇಳಿದು ಬಂದು ಕೇಬಲ್ ಹಿಡಿದು ಫೋಟೋಗೆ ನಿಂತು, "ನೋಡಿ, ಒಂಚೂರು ಹೊಗೆ ಇದೆಯಾ," ಎಂದು ಕೇಳಿದಿರಿ. ಗಾಳಿ ಆಚೆ ಕಡೆಗಿತ್ತು, ಹೊಗೆಯೆಲ್ಲ ಅಣ್ಣು ಮಾವನ ಮುಖಕ್ಕೆ ಹೋಗುತ್ತಿತ್ತು. ಹಾಗಾಗಿ ನಾನು ಇಲ್ಲವೆಂಬರ್ಥದಲ್ಲಿ 'ಹೌದು ಸರ್' ಎಂದೆ. ಅದು ಎರಡನೆಯದು.

ಆ ಫೋಟೋ ತಮ್ಮ ವರದಿಯ ಮೂವತ್ತೊಂದನೇ ಪುಟದಲ್ಲಿ ಅಚ್ಚಾಗಿದೆ. ಕಾರಿದೆ, ಕೇಬಲ್ಲಿದೆ, ತಾವಿದ್ದೀರಿ. ಕೇಬಲ್ಲು ಚಿತ್ರದ ಎಡ ಅಂಚಿನವರೆಗೆ ಹೋಗಿ ಅಲ್ಲಿ ಮೋಕ್ಷ ಹೊಂದುತ್ತದೆ. ಕೆಳಗೆ, 'ನಡುಮರುಭೂಮಿಯಲ್ಲೂ ಚಾರ್ಜಿಂಗ್ ಸೌಲಭ್ಯ: ನಾವು ಕಲಿಯಬೇಕಾದ ಪಾಠ' ಎಂಬ ಒಕ್ಕಣೆ. ಮಾನ್ಯರೇ, ನಾನು ಸಾಹಿತ್ಯ ಓದಿದವಳು, ಅಲಂಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವಳು, ಆದರೆ ಇಷ್ಟು ಸಣ್ಣ ಕತ್ತರಿಯಲ್ಲಿ ಇಷ್ಟು ದೊಡ್ಡ ನೀತಿಯನ್ನು ಕತ್ತರಿಸಿ ತೆಗೆದವರನ್ನು ಯಾವ ಪಠ್ಯದಲ್ಲೂ ಕಂಡಿರಲಿಲ್ಲ.

ವರದಿಯ ಅನುಬಂಧವನ್ನು ಗಿರಿಧರ್ ಅವರು ಕನ್ನಡಕ್ಕೆ ತರಲು ನನಗೇ ಕಳಿಸಿದ್ದರು. ಸದನದ ಪದ್ಧತಿಯಂತೆ ಅದು ಪ್ರಶ್ನೋತ್ತರದ ರೂಪದಲ್ಲಿತ್ತು. (ಅ) ಪ್ರವಾಸದ ವೇಳೆ ವಾಹನವು ಎಲ್ಲಾದರೂ ಚಾರ್ಜ್ ಇಲ್ಲದೆ ನಿಂತಿತ್ತೇ? ಇಲ್ಲ. (ಆ) ನಿಂತಿದ್ದಲ್ಲಿ, ಅದನ್ನು ಚಾಲನೆಗೆ ತರಲು ಕೈಗೊಂಡ ಕ್ರಮಗಳೇನು? ಎರಡನೆಯದರ ಉತ್ತರಕ್ಕೆ ನಾನೇ ಹುಡುಕಿ ಹುಡುಕಿ, ಸರ್ಕಾರಿ ಕಾಗದಗಳಲ್ಲಿ ತಲೆಮಾರುಗಳಿಂದ ಸವೆದು ನುಣುಪಾದ ಆ ಚೆಂದದ ಮಾತನ್ನು ಬರೆದೆ: 'ಪ್ರಶ್ನೆ ಉದ್ಭವಿಸುವುದಿಲ್ಲ.' ಮೊದಲನೆಯ ಉತ್ತರ ಸುಳ್ಳೆಂದು ಗೊತ್ತಿದ್ದೂ ಎರಡನೆಯದರ ಕನ್ನಡಕ್ಕಾಗಿ ಹೆಮ್ಮೆಪಟ್ಟೆ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಉದ್ಭವಿಸುವುದು ಲಿಂಗ. ಹುಲ್ಲು ಕೊಯ್ಯುವವರ ಕತ್ತಿ ಕಲ್ಲಿಗೆ ತಾಗಿ ನೆತ್ತರು ಬರುತ್ತದೆ, ಆಗ ಜನ ಕೈಮುಗಿಯುತ್ತಾರೆ. ಏನೇ ಉದ್ಭವಿಸಬೇಕಿದ್ದರೂ ಮೊದಲು ಯಾರಿಗಾದರೂ ಕತ್ತಿ ತಾಗಬೇಕು ಎಂಬುದು ನನಗಾಗ ಹೊಳೆಯಲಿಲ್ಲ.

ತಾಗಿದ್ದು ಅಣ್ಣು ಮಾವನಿಗೆ. ಜನರೇಟರ್ ಅಂದು ಗೇಟು ದಾಟಲಿಲ್ಲ, ಸೈಟಿನಲ್ಲಿ ಒಂದು ಇಡೀ ಶಿಫ್ಟು ವೆಲ್ಡಿಂಗ್ ನಿಂತಿತು. ಅನುಮತಿಯಿಲ್ಲದೆ ಲಾರಿ ನಿಲ್ಲಿಸಿದ್ದಕ್ಕೂ ಕಂಪನಿಯ ಯಂತ್ರವನ್ನು ಸ್ವಂತಕ್ಕೆ ಬಳಸಿದ್ದಕ್ಕೂ ಅವರಿಗೆ ಮೆಮೋ ಬಂತು, ವಿಚಾರಣೆ ನಡೆಯಿತು, ಪಾಸು ಕಸಿಯಲಾಯಿತು. ಬರುವ ಗುರುವಾರದೊಳಗೆ ತಕ್ಕ ಸಾಕ್ಷಿ ಕೊಡದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ನಾನು ಅವರ ಕಂಪನಿಗೆ ಹೋಗಿ, ಅಲ್ಲಿನ ಸಿಬ್ಬಂದಿ ವಿಭಾಗದ ಲೊರ್ನಾ ಬಾಯಿಯವರ ಮುಂದೆ, ಬದುಕಿನಲ್ಲಿ ಮೊದಲ ಬಾರಿಗೆ ಯಾರೂ ಕೇಳದೆಯೇ ಹತ್ತು ವಾಕ್ಯ ಮಾತಾಡಿದೆ. ಅವರು ಕೇಳಿಸಿಕೊಂಡು, "ನೀನು ಅವನಿಗೆ ಸೋದರ ಸೊಸೆ ಆಗ್ಬೇಕಲ್ಲ, ನಿನ್ನ ಮಾತು ಲೆಕ್ಕಕ್ಕಿಲ್ಲ ಮಗಾ. ಆ ದೊಡ್ಡ ಜನದ್ದು ಒಂದು ಲೈನ್ ತಾ, ಸೈನ್ ಇರ್ಲಿ. ಇಲ್ಲಾಂದ್ರೆ ಖಲಾಸ್," ಎಂದರು.

ಒಂದು ಸಾಲು. 'ಈ ದಿನ ಈ ಹೊತ್ತಿನಲ್ಲಿ ನನ್ನ ಕಾರು ನಿಂತಿತ್ತು, ಈ ಮನುಷ್ಯ ನೆರವಾದರು.' ಐವತ್ತು ನಿಮಿಷ ಮಾತಾಡಬಲ್ಲವರಿಗೆ ಇದು ಉಸಿರೆಳೆಯುವಷ್ಟು ಸುಲಭವೆಂದು ತಿಳಿದು ತಮಗೆ ಮೂರು ಪತ್ರ ಬರೆದೆ. ಮೂರನೆಯದಕ್ಕೆ ಗಿರಿಧರ್ ಅವರಿಂದ ಉತ್ತರ ಬಂತು. ವರದಿಯ ಪ್ರಕಾರ ವಾಹನ ನಿಂತೇ ಇಲ್ಲ, ಆದ್ದರಿಂದ ನೆರವಿನ ದೃಢೀಕರಣದ ಪ್ರಶ್ನೆ ಉದ್ಭವಿಸುವುದಿಲ್ಲ. ನನ್ನದೇ ಮಾತು, ನನ್ನದೇ ಕಾಗುಣಿತ, ಮನೆಗೆ ಮರಳಿ ಬಂದಿತ್ತು.

ಆ ಒಂದು ಸಾಲು ತಮ್ಮಿಂದಾಗದು ಎಂಬುದು ನನಗೀಗ ಅರ್ಥವಾಗಿದೆ. ಸತ್ಯ ಹೇಳಿದರೆ ಮೂವತ್ತೊಂದನೇ ಪುಟಕ್ಕೆ ನೋವಾಗುತ್ತದೆ, ಪುಟದ ನೋವು ನೀತಿಗೆ ತಾಗುತ್ತದೆ. ಹಾಗಾಗಿ ತಮ್ಮ ಘನತೆಗೆ ಒಪ್ಪುವ ಬೇರೆ ಕೆಲವು ಸಣ್ಣ ಕೋರಿಕೆಗಳನ್ನು ಮುಂದಿಡುತ್ತಿದ್ದೇನೆ. ಸದನದಲ್ಲಿ ಆಡಬಾರದ ಮಾತನ್ನು ಕಡತದಿಂದ ತೆಗೆದುಹಾಕುವ ಅಧಿಕಾರವಿದೆಯಂತೆ. ಅದೇ ಅಧಿಕಾರದಿಂದ ಆ ಶನಿವಾರದ ಒಂದೂ ಕಾಲರಿಂದ ನಾಲ್ಕರವರೆಗಿನ ಹೊತ್ತನ್ನು ಕಡತದಿಂದಲೂ ಕಾಲದಿಂದಲೂ ತೆಗೆಸಿಹಾಕಬೇಕು, ಆಗ ಅಣ್ಣು ಮಾವ ತಡವಾಗಿಯೇ ಇರುವುದಿಲ್ಲ. ಅದು ಕಷ್ಟವಾದರೆ, ಪ್ರತಿ ವಿದ್ಯುತ್ ವಾಹನದ ಹಿಂದೆ ಗೌರವಯುತ ಅಂತರದಲ್ಲಿ, ಗಾಳಿಯ ದಿಕ್ಕು ನೋಡಿಕೊಂಡು, ಫೋಟೋದಲ್ಲಿ ಬೀಳದಂತೆ ಒಂದು ಡೀಸೆಲ್ ಜನರೇಟರ್ ಸಾಗತಕ್ಕದ್ದು ಎಂದು ಹೊಸ ನೀತಿಯಲ್ಲಿ ಸೇರಿಸಿ, ಅದನ್ನು ಹಿಂದಿನ ಏಪ್ರಿಲ್‌ನಿಂದಲೇ ಜಾರಿಗೆ ತರಬೇಕು. ಅದೂ ಆಗದಿದ್ದರೆ, ಅಣ್ಣು ಎಂಬ ಮನುಷ್ಯ ಹತ್ತೊಂಬತ್ತು ವರ್ಷಗಳಲ್ಲಿ ಕತಾರಿನಲ್ಲಿ ಉದ್ಭವಿಸಿಯೇ ಇರಲಿಲ್ಲವೆಂದು ಒಂದು ಉತ್ತರ ಕೊಟ್ಟುಬಿಡಿ. ಇಲ್ಲದ ಮನುಷ್ಯನ ಕೆಲಸ ಕಳೆಯಲು ಯಾವ ಕಂಪನಿಗೂ ಬಾರದು.

ಮೂರಕ್ಕೂ ತಮ್ಮ ಉತ್ತರವೇನೆಂದು ಊಹಿಸಿ, ಕಾಗುಣಿತ ತಪ್ಪದಂತೆ ಮೊದಲೇ ಬರೆದಿಟ್ಟುಕೊಂಡಿದ್ದೇನೆ.

ತಮ್ಮ ಪ್ರತಿಯೊಂದು ಮಾತಿಗೂ ಈವರೆಗೆ ಹೌದೆಂದ,
ತಮ್ಮ ವಿಶ್ವಾಸಿ,
ಗ್ರೀಷ್ಮಾ

ಮರೆತ ಮಾತು: ಆ ಫೋಟೋ ತೆಗೆದವಳು ನಾನೇ. ಎಡಬದಿ ಕತ್ತರಿಸಿ ಕಳಿಸಿ ಎಂದು ಗಿರಿಧರ್ ಅವರು ಹೇಳಿದಾಗ ಕತ್ತರಿಸಿದವಳೂ ನಾನೇ, ಆದರೆ ಕತ್ತರಿಸಿದ್ದನ್ನು ಎಸೆಯುವ ಅಭ್ಯಾಸ ಕಡತ ಜೋಡಿಸುವವರಿಗೆ ಇರುವುದಿಲ್ಲ. ಎಡಬದಿಯಲ್ಲಿ ಮಸಿ ಮುಖದ ಅಣ್ಣು ಮಾವ ನಿಂತಿದ್ದಾರೆ, ಪಕ್ಕದಲ್ಲಿ ಜನರೇಟರ್ ಇದೆ, ಸೆಕೆಯೆಂದು ತಾವು ಕಳಚಿಟ್ಟ ಮೈಸೂರು ಪೇಟ ಆ ಜನರೇಟರಿನ ಮೇಲೆ ಬಲು ಚೆನ್ನಾಗಿ ಒಪ್ಪುತ್ತಿದೆ. "ದೊಡ್ಡವರ ಮಾನ ತೆಗೀಬಾರ್ದು ಮಗಾ," ಎಂದು ಅಣ್ಣು ಮಾವ ತಡೆದದ್ದರಿಂದ ಇಷ್ಟು ದಿನ ಯಾರಿಗೂ ತೋರಿಸಿರಲಿಲ್ಲ. ಇವತ್ತು ಬೆಳಿಗ್ಗೆ ಅವರ ಮಾತು ಮೀರಿ ಇಡೀ ಚಿತ್ರವನ್ನು ಲೊರ್ನಾ ಬಾಯಿಯವರ ಮೇಜಿನ ಮೇಲೆ ಇಟ್ಟು ಬಂದೆ. ಊರಿನ ಪತ್ರಿಕೆಗೂ ಕಳಿಸಿರುವ ಈ ಪತ್ರದ ಪಕ್ಕದಲ್ಲೂ ಅದು ಅಚ್ಚಾಗಲಿದೆ. ಸನ್ಮಾನ ಸಂದದ್ದು ತಮಗೋ ಜನರೇಟರಿಗೋ ಎಂಬ ಪ್ರಶ್ನೆ ಓದುಗರಲ್ಲಿ ಉದ್ಭವಿಸಿದರೆ, ತಾವೇ ಸದನದಲ್ಲಿ ಉತ್ತರಿಸಬೇಕೆಂದು ಕೋರಿಕೆ.